ನಲವತ್ತೆಂಟನೆಯ ಚೀಲ

ತೊಂಬತ್ತು ದಿನದ ಹಿಂದೆ
ಚೆಂಚಾದ ಗುಡ್ಡದ ಮೇಲೆ ಎತಾಲೆಮಾಹು
ನಲವತ್ತೆಂಟು ಚಹಾ ಚೀಲ ಹೂತಿದ್ದಳು,
ನಾಲ್ಕು ಬೆರಳಾಳ. ವಿಶ್ವವಿದ್ಯಾಲಯದ ಕೆಲಸ.
ಮಣ್ಣಿಗೆಷ್ಟು ಹಸಿವೆಂದು ತಿಳಿಯಬೇಕಿತ್ತು.

"ಬಂದವರಿಗೆ ಚಹಾ ಕೊಡುವುದು ಗೊತ್ತು,
ನೆಲಕ್ಕೆ ಕೊಡುವುದು ಈಗಲೇ ನೋಡಿದ್ದು"
ಎಂದು ನಕ್ಕಿದ್ದಳು ಬೊಗಾಲೆಚ್ ಮುದುಕಿ.

ಇಂದು ಅಗೆತ.
ಹಿತ್ತಿಲಲ್ಲಿ, ಬಾಳೆಯಂತಿದ್ದೂ ಬಾಳೆಯಲ್ಲದ
ಎನ್ಸೆಟ್ ಗಿಡಗಳ ಬುಡದಲ್ಲಿ,
ಹೆಂಗಸರು ದಿನಾ ಬುಟ್ಟಿ ಸಗಣಿ ಸುರಿದಲ್ಲಿ
ಚೀಲ ಹಗುರ, ಒಳಗೆ ಬರೀ ನಾರು.
ದೂರದ ಬಾರ್ಲಿ ಹೊಲಕ್ಕೆ ಬುಟ್ಟಿ ಹೋಗುವುದಿಲ್ಲ;
ಅಲ್ಲಿ ಎಲೆ ಎಲೆಯಾಗಿಯೇ ಇತ್ತು,
ಬೇಕಾದರೆ ಕಾಸಿ ಕುಡಿಯಬಹುದು.

ಎಣಿಸಿದಳು: ನಲವತ್ತೇಳು.
ಹಿತ್ತಿಲ ಮೂರನೆಯ ಸಾಲಲ್ಲಿ
ಗೂಟವಿದೆ, ಗುಳಿಯಿದೆ,
ಚೀಲವಿಲ್ಲ.

"ನಾನೇ ತೆಗೆದೆ," ಅಂದಳು ಬೊಗಾಲೆಚ್,
"ಮೊನ್ನೆ ಚಳಿ, ಡಬ್ಬಿ ಖಾಲಿ. ತೊಳೆದು ಕುದಿಸಿದೆ.
ಥೂ! ಬರೀ ಬಿಸಿನೀರಿಗೂ
ಇದಕ್ಕಿಂತ ರುಚಿಯಿರುತ್ತದೆ."

ಎತಾಲೆಮಾಹು ಪೆನ್ನು ಹಿಡಿದು
ಸ್ವಲ್ಪ ಹೊತ್ತು ಸುಮ್ಮನೆ ನಿಂತಳು.
'ಕಳೆದಿದೆ' ಎಂದು ಬರೆದದ್ದನ್ನು ಹೊಡೆದುಹಾಕಿ,
ತೂಕದ ಕಾಲಂ ಖಾಲಿ ಬಿಟ್ಟು,
ಷರಾದಲ್ಲಿ ಬರೆದಳು:

ಸಪ್ಪೆ.
ಮಣ್ಣು ಮೊದಲೇ ಕುಡಿದಿತ್ತು.