ಒಂದನೇ ಗೂಡು

ಗಾಲ್ವೆಸ್ಟನ್ನಿನ ಕಡಲಗೋಡೆಯಿಂದ ನಾಲ್ಕು ಬೀದಿ ಒಳಗೆ
ಕಿಟಕಿ ತೆರೆಯದ ಕೋಣೆಯಲ್ಲಿ ನನಗೆ ಕೆಲಸ:
ಚಂದ್ರ ನಡುಗಿದ್ದನ್ನು ಗುರುತು ಹಾಕುವುದು.
ಗಂಟೆಗೆ ಮೂರು ಡಾಲರು. ಪೆನ್ಸಿಲು ಅವರದೇ.

ಶಾಯಿಗೆರೆ ಸುಮ್ಮನೆ ಹರಿದು ಹರಿದು
ಇದ್ದಕ್ಕಿದ್ದಂತೆ ಜುಮ್ಮೆನ್ನುತ್ತದೆ,
ನಿದ್ದೆಗಣ್ಣಿನ ಹಸು ಚರ್ಮ ಅದುರಿಸಿ
ನೊಣ ಓಡಿಸುವಷ್ಟು.
ಆದರೆ ಬೇಗ ನಿಲ್ಲುವುದಿಲ್ಲ.
ನಡುಕವನ್ನು ಕುಡಿದು ತಣಿಸಲು ಅಲ್ಲಿ ಒದ್ದೆಮಣ್ಣಿಲ್ಲ;
ಊಟ ಮುಗಿಸಿ, ಕೈ ಒರೆಸಿ ಬಂದು ನೋಡಿದರೂ
ಗೆರೆ ಇನ್ನೂ ಗುಂಯ್‌ಗುಡುತ್ತಿರುತ್ತದೆ.

ನೆರೆಮನೆಯ ಹ್ರುಷ್ಕಾ, ಸೀಗಡಿ ದೋಣಿಯವನು, ಕೇಳಿದ:
"ಅಲ್ಲಿ ನಡುಗಿದರೆ ಯಾರ ಗೋಡೆ ಬೀಳುತ್ತೆ, ಒಡೀಲಿಯಾ?"
ಯಾರದೂ ಇಲ್ಲ, ಎಂದೆ.
"ಮತ್ತೆ ಸಂಬಳ ಕೊಡುವವರು?"
ಸರ್ಕಾರ, ಎಂದೆ. ಅದು ಅವನಿಗೆ ಅರ್ಥವಾಯಿತು.

ಮೇಜಿನ ಗಾಜಿನಡಿ ದೀಪ.
ಮಾರ್ಚಿನ ಹಾಳೆಯ ಮೇಲೆ ಏಪ್ರಿಲ್ಲಿನ ಹಾಳೆ ಇಟ್ಟು
ಚೂರು ಎಡಕ್ಕೆ, ಚೂರು ಬಲಕ್ಕೆ ಸರಿಸುತ್ತೇನೆ.
ಸರಿಯಾಗಿ ಕೂತಾಗ ಎರಡು ನಡುಕ ಒಂದೇ ಗೆರೆ:
ಅದೇ ಏರು, ಅದೇ ತೊದಲು,
ಇಪ್ಪತ್ತೇಳು ದಿನಕ್ಕೊಮ್ಮೆ ಆಳದ ಅದೇ ಜಾಗ.
ಅದಕ್ಕೆ ಒಂದನೇ ಗೂಡು ಎಂದು ಹೆಸರು.
ಹಕ್ಕಿಯಿಲ್ಲದ ಗೂಡು.
ನಮ್ಮ ಕಡಲನ್ನು ಚಂದ್ರ ಎಳೆಯುತ್ತಾನೆ, ಹ್ರುಷ್ಕಾ ಬಲ್ಲ;
ನಾವೂ ಚಂದ್ರನನ್ನು ಎಳೆಯುತ್ತೇವೆ, ಒಳಗಿನ ಕಲ್ಲು ಕಿರುಗುಟ್ಟುವ ಹಾಗೆ.
ಇದು ಈ ಕೋಣೆಗೆ ಬರುವವರೆಗೆ ನನಗೂ ಗೊತ್ತಿರಲಿಲ್ಲ.

ಎಪ್ಪತ್ತೇಳರ ಸೆಪ್ಟೆಂಬರ್ ಕೊನೆಯ ದಿನ ಹಣ ಮುಗಿಯಿತು.
ಎಲ್ಲೋ ಯಾರೋ ಒಂದು ಆಜ್ಞೆ ಕಳಿಸಿದರು,
ಅಲ್ಲಿಯ ನಾಲ್ಕೂ ಕಿವಿ ಮುಚ್ಚಿದವು.
ಆಮೇಲೆ ಸಪಾಟು ಗೆರೆಯೂ ಅಲ್ಲ, ಬರೀ ಕಾಗದ.
ಪೆನ್ಸಿಲು ಮನೆಗೆ ತಂದೆ. ಯಾರೂ ಕೇಳಲಿಲ್ಲ.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಅಕ್ಟೋಬರಿನಲ್ಲಿ,
ಹಲ್ಲಿನ ಡಾಕ್ಟರ ತಾರೀಖಿನ ಕೆಳಗೆ ಮೊದಲೇ ಬರೆದಿಟ್ಟಿದ್ದೆ:
ಗೂಡು ೧. ರಾತ್ರಿ ಒಂಬತ್ತರ ಆಸುಪಾಸು.
ಕಡಲಗೋಡೆಯ ಮೇಲೆ ಹೋಗಿ ಕೂತೆ.
ಮೋಡ. ಚಂದ್ರನೇ ಇಲ್ಲ.
ಹ್ರುಷ್ಕಾ ಬಲೆ ಹೊಲಿಯುತ್ತಿದ್ದ.
"ಏನಾದರೂ ಕಾಣ್ತಾ?"
ಈಗ, ಎಂದೆ.
ಸೂಜಿ ನಿಲ್ಲಿಸಿದ.
ನೀರು ಕಲ್ಲಿಗೆ ಬಡಿದು ಹಿಂದೆ ಹೋಯಿತು,
ಮತ್ತೆ ಬಂತು.
"ಆಯ್ತಾ?" ಎಂದ, ಪಿಸುದನಿಯಲ್ಲಿ,
ಮಲಗಿದ ಮಗುವಿನ ಪಕ್ಕ ಮಾತಾಡುವವನಂತೆ.
ಇಲ್ಲ, ಇನ್ನೂ ಒಂದು ಗಂಟೆಯಾದರೂ ಬೇಕು ಅದು ನಿಲ್ಲಲು, ಎಂದೆ.
"ಹಾಗಾದರೆ ಕಾಫಿ ತರುತ್ತೇನೆ,"
ಎಂದು ಬಲೆಯನ್ನು ಸದ್ದಾಗದಂತೆ ಕೆಳಗಿಟ್ಟು ಎದ್ದ.