ಮೂರನೇ ಗಂಟೆ

ಚಪ್ಪಲಿಯಾದರೆ ಅಂಗಡಿಯೊಳಗೇ ನಾಲ್ಕು ಹೆಜ್ಜೆ ನಡೆದು ನೋಡಬಹುದು.
ಕಿವಿಗೆ ಹಾಕುವುದನ್ನು ಹೇಗೆ ನಡೆಸಿ ನೋಡುವುದು?

ತುಮಕೂರು, ಅಶೋಕ ರಸ್ತೆ, ಬೆಳಿಗ್ಗೆ ಹನ್ನೊಂದು.
ಜಬೀವುಲ್ಲಾ ಒಂದೊಂದೇ ಡಬ್ಬಿ ಇಳಿಸಿದ.
"ಇದರ ಬಾಸ್ ಕೇಳಿ ಮೇಡಂ, ಎದೆ ಡವಗುಟ್ಟುತ್ತೆ."
ಬೇಡಪ್ಪ.
ಬಾಡಿಗೆ ಕಟ್ಟುವ ದಿನ ಅದು ತಾನಾಗೇ ಡವಗುಟ್ಟುತ್ತೆ.

ನನಗೆ ಬೇಕಾದದ್ದು ಇಷ್ಟೇ:
ದಿನಕ್ಕೆ ಆರು ಗಂಟೆ ತಲೆ ಮೇಲೆ ಕೂತಿರಬೇಕು,
ಕೂತಿದೆ ಅಂತ ಗೊತ್ತಾಗಬಾರದು,
ಒಳ್ಳೆಯ ನೆಂಟರ ಹಾಗೆ.
ಪರ್ಸಿನಲ್ಲಿ ಒಂಬೈನೂರು. ಬಸ್ಸು ಹೇಗೂ ಬಿಟ್ಟಿ.

"ಏನು ಕೇಳ್ತೀರಿ ಮೇಡಂ, ಹಾಡಾ, ಸಿನಿಮಾನಾ?"
ಮಂಡಿನೋವು, ಅಂದೆ.
ಅವನ ಮುಖ ನೋಡಿ ಬಿಡಿಸಿ ಹೇಳಬೇಕಾಯ್ತು.
ಶಿರಾ, ಪಾವಗಡ, ಕೊರಟಗೆರೆ ಕಡೆಯ ಹೆಂಗಸರು
ತಮ್ಮ ಮಂಡಿನೋವು ಹೇಳಿಕೊಂಡದ್ದನ್ನ
ಯಾರೋ ಫೋನಿನಲ್ಲಿ ಹಿಡಿದು ಕಳಿಸುತ್ತಾರೆ,
ಕೇಳಿ ಕೇಳಿ ಟೈಪು ಮಾಡುವುದು ನನ್ನ ಕೆಲಸ.
ಮಾತಿನ ಒಂದು ನಿಮಿಷಕ್ಕೆ ಏಳು ರೂಪಾಯಿ.
ಹಿಂದೆ ಕೋಳಿ ಕೂಗಿದರೆ ಬರೆಯಬೇಕಿಲ್ಲ.
ಅತ್ತರೆ 'ವಿರಾಮ' ಅಂತ ಹಾಕಬೇಕು.
ವಿರಾಮಕ್ಕೂ ಅದೇ ರೇಟು.

ಹಳೆಯದು, ಮುನ್ನೂರರದ್ದು, ಕಚ್ಚುತ್ತಿತ್ತು.
ಮೊದಲ ಗಂಟೆ ಏನೂ ಇಲ್ಲ.
ಎರಡರಲ್ಲಿ ಕನ್ನಡಕದ ಕಡ್ಡಿ
ಕಿವಿಯ ಹಿಂದೆ ಗೀರು ಎಳೆಯಲು ಶುರು.
ಮೂರನೆಯದರಲ್ಲಿ ಓಲೆಯ ತಿರುಪು
ಎಲುಬಿನ ಜೊತೆ ನೇರ ಮಾತಿಗಿಳಿಯುತ್ತಿತ್ತು.
ಪಾವಗಡದ ಓಬಳಮ್ಮ ಮಂಡಿ ಅಂದದ್ದು
ನನ್ನ ಬೆರಳಿಗೆ ಬೇರೆಯೇ ಕೇಳಿಸಿ
"ಮೆಟ್ಲು ಹತ್ತಾಗ ಕಿವಿ ನೋಯ್ತೈತೆ"
ಅಂತ ಹೊಡೆದು ಕಳಿಸಿ
ಬೈಸಿಕೊಂಡದ್ದೂ ಆಯ್ತು.

ಒಂದು ನಿಮಿಷ ಹಾಕಿ ತೆಗೆದರೆ ಎಲ್ಲವೂ ಹೂವೇ.
ಒಂದು ನಿಮಿಷಕ್ಕೆ ಯಾರು ತಾನೆ ಒಳ್ಳೆಯವರಲ್ಲ?
ಅದಕ್ಕೇ ಕೇಳಿದೆ: ಮೂರು ಗಂಟೆ ಹಾಕ್ಕೊಂಡು ಕೂತು ನೋಡ್ಲಾ?

ಜಬೀವುಲ್ಲಾ ನಕ್ಕ. ಅಬ್ಬಾನ ಕಡೆ ನೋಡಿದ.
ಅವರು ರೇಡಿಯೋ ರಿಪೇರಿ ಕಾಲದವರು,
ಬೆಸುಗೆ ಕಡ್ಡಿ ಕೆಳಗಿಡದೆ
ಸ್ಟೂಲಿನ ಕಡೆಗೆ ಗದ್ದ ಎತ್ತಿದರು.

ಕೂತೆ.
ವೈರು ಎಲ್ಲಿಗೂ ಸಿಕ್ಕಿಸಿಲ್ಲ, ಮಡಿಲಲ್ಲಿ ಮಲಗಿದೆ.
ಆಟೋಗಳು ಬಾಯಿ ಕಟ್ಟಿಕೊಂಡು ಓಡಿದವು.
ಒಬ್ಬ ಗಿರಾಕಿ ನನ್ನನ್ನೇ ಏನೋ ಕೇಳಿದ,
ತುಟಿ ಅಷ್ಟೇ ಆಡಿತು. ಚಾರ್ಜರ್ ಇರಬೇಕು.
ನನ್ನ ಉಗುಳು ನಾನೇ ನುಂಗುವ ಸದ್ದು,
ಇಷ್ಟು ವರ್ಷ ಎಲ್ಲಿತ್ತೋ.

ಮೊದಲನೆಯದು, ಥಳಥಳ ಕರೀ ರೆಕ್ಸಿನ್ನು,
ನಲವತ್ತು ನಿಮಿಷಕ್ಕೆ ಬೆವರಿತು.
ಎರಡನೆಯದು ಎರಡೂ ಕೆನ್ನೆ ಹಿಡಿದು
ಯಾಕೆ ಸಣ್ಣಗಾಗಿದ್ದೀಯ ಅಂತ
ಅಮುಕಿ ಅಮುಕಿ ವಿಚಾರಿಸಿಕೊಂಡಿತು.
ಮೂರನೆಯದು ಬೂದಿ ಬಣ್ಣ, ಡಬ್ಬಿ ಹರಿದದ್ದು,
ಬಟ್ಟೆಯ ಮೆತ್ತೆ, ತಟ್ಟೆಯಷ್ಟಗಲ.
ಜಬೀವುಲ್ಲಾ ಅದನ್ನು ತೋರಿಸಿಯೇ ಇರಲಿಲ್ಲ,
ಅವರಬ್ಬ ಹಿಂದಿನಿಂದ ನೀಡಿದ್ದು.

ಕಿವಿ ಓಲೆಸಮೇತ ಒಳಗೆ ಹೋಯ್ತು.
ಆಮೇಲೆ ಏನಾಯ್ತು ಗೊತ್ತಿಲ್ಲ.

ಕಣ್ಣು ಬಿಟ್ಟಾಗ ಬೀದಿದೀಪ ಹತ್ತಿತ್ತು.
ತಲೆ ಚಾರ್ಜರುಗಳ ಗೊಂಚಲಿಗೆ ಒರಗಿತ್ತು.
ನಾಚಿ ಎದ್ದೆ. "ನಿದ್ದೆ ಬಂತಲ್ಲ,
ಇನ್ನೇನು ನೋಡೋದಿದೆ," ಅಂದರು ಅಬ್ಬಾ.
"ರಾತ್ರಿ ನಾಲ್ಕು ಪುಸ್ತಕದ ಮೇಲೆ ಹಿಗ್ಗಿಸಿ ಇಡಿ,
ಇನ್ನೂ ಸಡಿಲ ಆಗ್ತದೆ."
ಒಂಬೈನೂರೈವತ್ತು.
ಡಬ್ಬಿ ಹರಿದಿದೆ ಅಂತ ನಾನು, ಸ್ಟೂಲಿನ ಬಾಡಿಗೆ ಅಂತ ಜಬೀವುಲ್ಲಾ
ಎಳೆದಾಡಿ ಒಂಬೈನೂರಕ್ಕೆ ಬಂದೆವು.

ಪುಸ್ತಕದ ಮೇಲೆ ಇಡಲಿಲ್ಲ ಅವತ್ತು.
ಓಬಳಮ್ಮನನ್ನು ಮತ್ತೆ ಹಾಕಿದೆ, ತಪ್ಪು ತಿದ್ದಲು.
ಹನ್ನೆರಡನೇ ನಿಮಿಷ, ನಾನು ವಿರಾಮ ಅಂತ ಹೊಡೆದ ಕಡೆ,
ಏನೋ ಸರಬರ.
ಹಿಂದೆ ತಿರುಗಿಸಿದೆ. ಮತ್ತೆ ತಿರುಗಿಸಿದೆ.
ಸೀರೆಯ ಮೇಲೆ ಅಂಗೈ,
ಒಂದು ಬಳೆ,
ಮೇಲಿಂದ ಕೆಳಗೆ, ಮೇಲಿಂದ ಕೆಳಗೆ,
ಮಂಡಿಯನ್ನೇ ಸಮಾಧಾನ ಮಾಡುತ್ತಿದ್ದಾಳೆ.

ಅದನ್ನು ಬರೆಯಲು ಫಾರಮ್ಮಿನಲ್ಲಿ ಜಾಗವಿಲ್ಲ.
ವಿರಾಮ ಅಂತಲೇ ಬಿಟ್ಟೆ.
ಹೆಡ್‌ಫೋನು ತೆಗೆಯದೆ
ಸ್ವಲ್ಪ ಹೊತ್ತು ಸುಮ್ಮನೆ ಕೂತೆ.
ಅದಕ್ಕೆ ದುಡ್ಡಿಲ್ಲ.