ಟಿಕೆಟಿನ ಮೇಲೆ ಒಂಬತ್ತು ಚೌಕ

ವಾಸ್ಕೋದ ಖಾಸಗಿ ಬಸ್ಸಿನಲ್ಲಿ
ಕಂಡಕ್ಟರ್ ಬೆನೆದಿತ್ ಟಿಕೆಟ್ ಹರಿದು
ಬಿಸಿಲಿಗೆ ಹಿಡಿದ, ನನ್ನ ಮುಖ ನೋಡಿದ.
'ಹೆಂ ಕಿತೆಂ ರೆ?'

ಝುವಾರಿನಗರ ಇರಬೇಕಾದಲ್ಲಿ
ಸಾಲಾಗಿ ಒಂಬತ್ತು ಖಾಲಿ ಚೌಕ.
ಅಕ್ಷರ ಆರೇ. ಆದರೆ ಕೊಂಬಿಗೊಂದು,
ಇಳಿಗೊಂದು, ಗುಡಿಸಿಗೊಂದು,
ಯಂತ್ರ ಎಲ್ಲರಿಗೂ ಬೇರೆ ಮನೆ ಕಟ್ಟಿ
ಒಬ್ಬರನ್ನೂ ಒಳಗೆ ಕರೆದಿರಲಿಲ್ಲ.

ನನ್ನ ಮೇಜಿನ ಮೇಲೆ ಸರಿಯಿತ್ತು.
ಯಾಕಿರದು? ಫಾಂಟಿನ ಕಡತ ಇದ್ದದ್ದು
ಬೈನಾದ ಬಾಡಿಗೆ ಕೋಣೆಯ ಲ್ಯಾಪ್‌ಟಾಪಿನಲ್ಲಿ.
ಕೋಡು ಅದರ ವಿಳಾಸವನ್ನಷ್ಟೇ ಹೊತ್ತು
ಬಸ್ಸು ಹತ್ತಿತ್ತು:
ಅಡಿಗೆಮನೆ, ಎಡಗಡೆ ಗೂಡು, ಎರಡನೇ ಡಬ್ಬಿ.
ಚೀಟಿ ನೆಕ್ಕಿದರೆ ಹೊಟ್ಟೆ ತುಂಬೀತೆ?

ಮುಂದಿನ ಸೀಟಿನಲ್ಲಿ ಫಕೀರವ್ವ,
ಗುಡ್ಡದ ಮೇಲಿನ ಕಟ್ಟಡಕ್ಕೆ ಇಟ್ಟಿಗೆ ಹೊರಲು ಹೊರಟವಳು,
ಮಡಿಲಲ್ಲಿ ಬುತ್ತಿ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು.
ಮೂರು ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ,
ಕಾಗದದಲ್ಲಿ ಸುತ್ತಿದ ಚಿಟಿಕೆ ಉಪ್ಪು.
'ಉಪ್ಪೂನಾ?'
'ಮತ್ತ? ಅಲ್ಲಿ ಯಾರ್ನ ಕೇಳ್ಲಿ?'

ಆ ರಾತ್ರಿ, ಕಟ್ಟುವ ಹೊತ್ತಿಗೇ, ಎಲ್ಲ ಒಳಗಿಟ್ಟೆ.
ಫಾಂಟು ಬೈಟು ಬೈಟಾಗಿ ಕರಗಿ
ಅಂಕಿಗಳ ಉದ್ದನೆ ಸಾಲಾಯಿತು, ಗುಡಿಸು ಕೂಡ ಬರೀ ಅಂಕಿ.
ಊರುಗಳ ಪಟ್ಟಿ, ದರದ ಪಟ್ಟಿ,
ಟಿಕೆಟಿನ ತಲೆಯ ಮೇಲಿನ ಪುಟ್ಟ ಬಸ್ಸು,
ಬ್ಯಾಟರಿ ಸಾಯುವಾಗಿನ ಕೀರಲು ದನಿ.
ಮುನ್ನೂರು ಕೆಬಿ ಇದ್ದದ್ದು ಎರಡು ಎಂಬಿ ದಾಟಿತು.
ದಾಟಲಿ. ಇನ್ನದಕ್ಕೆ ನನ್ನ ಕೋಣೆಯ ಹಂಗಿಲ್ಲ.

ಸೋಮವಾರ ನಲವತ್ತು ಯಂತ್ರ ಹೋದವು.
ಮಂಗಳವಾರ ಸಂಜೆ ಫಕೀರವ್ವನ ಏಳನೇ ಇಯತ್ತೆಯ ಮಗಳು
ಗಟ್ಟಿಯಾಗಿ ಓದಿದಳು: 'ಝುವಾರಿನರಗ.'
ಓದಿ, ನೆಲಕ್ಕೆ ಕೂತು ನಕ್ಕಳು.

ನನ್ನದೇ ಬೆರಳು. ಬಸ್ಸಿನಲ್ಲಿ ಇಷ್ಟು ದಿನ
ಚೌಕಗಳ ಹಿಂದೆ ಅಡಗಿ ಕೂತಿತ್ತು ತಪ್ಪು,
ಮೇಜಿನ ಮೇಲೆ ಕಣ್ಣು ಅದನ್ನು
ಸರಿಯಾಗಿಯೇ ಓದಿಕೊಂಡಿತ್ತು.
ಪಟ್ಟಿ ಹೊರಗಿದ್ದರೆ ಒಂದು ಸಾಲು ತಿದ್ದಿ ಮಲಗುತ್ತಿದ್ದೆ.
ಈಗ ಮೊದಲಿಂದ ಕಟ್ಟಬೇಕು, ನಲವತ್ತನ್ನೂ
ಡಿಪೋಗೆ ವಾಪಸು ತರಿಸಬೇಕು.
ಕಾರ್ನಿವಾಲ್ ಮುಗೀಲಿ ಅಂದ ಬೆನೆದಿತ್.

ಅಲ್ಲಿಯವರೆಗೆ ಫುಟ್‌ಬೋರ್ಡಿನ ಹುಡುಗರು
'ನರಗ, ನರಗ' ಅಂತ ಕೂಗಿ ಇಳಿಯುತ್ತಾರೆ.
ಫಕೀರವ್ವ ಇವತ್ತು ಟಿಕೆಟಿನಲ್ಲೇ
ಉಪ್ಪು ಕಟ್ಟಿಕೊಂಡಿದ್ದಾಳೆ,
ಅಚ್ಚಾದ ಮಗ್ಗುಲು ಒಳಗೆ.